ಹೊಲಕ್ಕೂ ಹೆಸರು, ತೊಟ್ಟಿಲಿಗೂ ಹೆಸರು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಳೆಯದು. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ತೆಂಗಿನ ತೋಟಗಳ ಆಚೆಗಿನ ಕೆಂಪು ಹೊಲಗಳಲ್ಲಿ ನೇಗಿಲು, ಟ್ರ್ಯಾಕ್ಟರುಗಳು ಓಡಾಡತೊಡಗುತ್ತವೆ. ಎಳ್ಳು, ಅಲಸಂದೆಯ ಜೊತೆಗೆ ಆಗ ಬಿತ್ತುವ ಮುಖ್ಯ ಕಾಳು ಹೆಸರು. ಆ ದಿನಗಳಲ್ಲಿ ಬಸ್ಸಿನಲ್ಲಿ ಯಾರಾದರೂ 'ಹೆಸರು ಹಾಕಿದಿರಾ' ಎಂದು ಕೇಳಿದರೆ ಅವರು ಕೇಳುತ್ತಿರುವುದು ಹೊಲದ ಸಮಾಚಾರ. ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರೆ ಅದೇ ಪ್ರಶ್ನೆ ಇನ್ನೊಂದು ಅರ್ಥ ಪಡೆಯುತ್ತದೆ.

ತೊಟ್ಟಿಲಿಗೆ ಹಾಕುವ ಹೆಸರುಗಳು ಈಚಿನ ಎರಡು ಮೂರು ತಲೆಮಾರುಗಳಲ್ಲಿ ಬಹಳ ಬದಲಾಗಿವೆ. ಯಾವುದೇ ಅಂಗನವಾಡಿಯ ಹಾಜರಿ ಪುಸ್ತಕ ತೆರೆದರೂ ವರ್ಷಾ, ಮೇಘನಾ, ಸಿಂಚನಾ, ತುಷಾರ್, ಶರತ್, ಪವನ್‌ಗಳು ಸಿಗುತ್ತಾರೆ. ಅವರ ಪಕ್ಕದಲ್ಲೇ ಸಹನಾ, ವಿನಯ್, ಪ್ರಜ್ಞಾ, ಸೌಜನ್ಯ, ಸ್ಫೂರ್ತಿ, ವಿವೇಕ್‌ಗಳು ಕೂತಿರುತ್ತಾರೆ. ಮೊದಲ ಗುಂಪು ಮಳೆ, ಗಾಳಿ, ಇಬ್ಬನಿಯದು. ಎರಡನೆಯದು ಸದ್ಗುಣಗಳದ್ದು. ಮಳೆಯನ್ನೇ ನಂಬಿದ ನಾಡು ಮಗುವಿಗೆ ಮಳೆಯ ಹೆಸರಿಡುವುದು ಸಹಜ. ಆದರೆ ಅದು ಈಗ ಏಕೆ, ಹಿಂದೆ ಏಕೆ ಇರಲಿಲ್ಲ? ಹವಾಮಾನಕ್ಕೂ ಸದ್ಗುಣಕ್ಕೂ ಏನು ಸಂಬಂಧ? ಹುಡುಕುತ್ತಾ ಹೋದರೆ ದಾರಿ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಊರ ದೇವರ ಹೆಸರು

ಈ ಭಾಗದ ಅಜ್ಜ ಅಜ್ಜಿಯರ ಹೆಸರುಗಳನ್ನು ಕೇಳಿದರೆ ಅವರ ಊರಿನ ದಿಕ್ಕು ಗೊತ್ತಾಗುತ್ತಿತ್ತು. ತಿಪಟೂರಿನ ಕೆಂಪಮ್ಮ, ದಸರೀಘಟ್ಟದ ಚೌಡೇಶ್ವರಿ, ತುರುವೇಕೆರೆಯ ಗಂಗಾಧರೇಶ್ವರ, ಪಕ್ಕದ ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ, ಇವರೆಲ್ಲ ಸುತ್ತಲಿನ ಮನೆಗಳಲ್ಲಿ ಕೆಂಪಯ್ಯ, ಚೌಡಮ್ಮ, ಗಂಗಾಧರಯ್ಯ, ಸಿದ್ಧಲಿಂಗಯ್ಯರಾಗಿ ಓಡಾಡಿದ್ದಾರೆ. ಹರಕೆ ಜಿಲ್ಲೆಯನ್ನು ದಾಟುವುದೂ ಉಂಟು. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ ಮುಖ್ಯಮಂತ್ರಿಯಾದ ಬಿ. ಎಸ್. ಯಡಿಯೂರಪ್ಪನವರ ಹೆಸರು ಬಂದದ್ದು ಇದೇ ಎಡೆಯೂರಿನ ದೇವರಿಂದ.

ಅಂದಿನ ಹೆಸರಿಗೆ ಅರ್ಥಕ್ಕಿಂತ ಋಣ ಮುಖ್ಯವಾಗಿತ್ತು. ದೇವರ ಋಣ, ತೀರಿಹೋದ ಹಿರಿಯರ ಋಣ. ತಾತನ ಹೆಸರು ಮೊಮ್ಮಗನಿಗೆ ಬರುತ್ತಿದ್ದುದು ಹೀಗೆ. ಹವಾಮಾನಕ್ಕೂ ನೇರವಾಗಿ ಹೆಸರು ಇರಲಿಲ್ಲ, ದೇವರ ಮೂಲಕ ಇತ್ತು. ಗಾಳಿಗೆ ಪವನ್ ಎನ್ನದೆ ಗಾಳಿಯ ಮಗನಾದ ಹನುಮಂತಯ್ಯ, ಮಾರುತಿ ಎನ್ನುತ್ತಿದ್ದರು. ನೀರಿಗೆ ಗಂಗಮ್ಮ, ಗಂಗಣ್ಣ ಎನ್ನುತ್ತಿದ್ದರು. ಕೆರೆ ತುಂಬಿ ಕೋಡಿ ಬಿದ್ದ ದಿನ ಊರವರು ಪೂಜೆ ಮಾಡಿ ಬಾಗಿನ ಬಿಡುವುದು ಇಂದಿಗೂ ಗಂಗಮ್ಮನಿಗೇ. ಊರಿನ ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ತುರುವೇಕೆರೆಯಂಥ ಕಡೆ ಗಂಗಮ್ಮ ಎಂಬುದು ಭಕ್ತಿಯ ಹೆಸರು ಎಷ್ಟೋ ಹವಾಮಾನದ ಹೆಸರೂ ಅಷ್ಟೇ.

ಸಿಂಚನಾ ಎಂದರೆ ಏನು ಎಂದು ಅಜ್ಜಿ ಕೇಳಿದರೆ ಚಿಮುಕಿಸುವುದು, ಹನಿಸುವುದು ಎಂದು ಸೊಸೆ ಹೇಳಬೇಕಾಗುತ್ತದೆ. ಅಜ್ಜಿಯ ಲೆಕ್ಕದಲ್ಲಿ ಅದು ಗಂಗಮ್ಮನೇ. ಬದಲಾಗಿರುವುದು ವಸ್ತುವಲ್ಲ, ಕರೆಯುವ ರೀತಿ. ಹಳಬರು ಮಳೆ ಕೊಡುವವಳನ್ನು ಕರೆದರು. ಹೊಸಬರು ಮಳೆಯನ್ನೇ ಕರೆಯುತ್ತಿದ್ದಾರೆ.

ಇದರ ಜೊತೆಗೆ ಭಾಷೆಯೂ ಬದಲಾಗಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ವಿದ್ವಾಂಸ ತೀ. ನಂ. ಶ್ರೀಕಂಠಯ್ಯನವರ ಹೆಸರು ಇದಕ್ಕೆ ಒಳ್ಳೆಯ ಉದಾಹರಣೆ. 'ತೀ' ಎಂದರೆ ಊರು, 'ನಂ' ಎಂದರೆ ತಂದೆ ನಂಜುಂಡಯ್ಯ. ನಂಜನ್ನು ಉಂಡವನು ನಂಜುಂಡ, ಆ ನಂಜನ್ನು ಕೊರಳಲ್ಲಿ ಹಿಡಿದವನೇ ಶ್ರೀಕಂಠ. ನಂಜನಗೂಡಿನ ದೇವರಿಗೆ ಈ ಎರಡೂ ಹೆಸರುಗಳಿವೆ. ತಂದೆಗೆ ಕನ್ನಡದ ಹೆಸರು, ಮಗನಿಗೆ ಸಂಸ್ಕೃತದ ಹೆಸರು, ದೇವರು ಮಾತ್ರ ಒಬ್ಬನೇ.

ಮಳೆಗಳಿಗೇ ಹೆಸರಿಟ್ಟವರು

ಮಗುವಿಗೆ ಮಳೆಯ ಹೆಸರಿಡುವ ಮೊದಲೇ ನಮ್ಮ ರೈತರು ಮಳೆಗಳಿಗೇ ಹೆಸರಿಟ್ಟಿದ್ದರು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆ ಎಂಬುದು ಪಂಚಾಂಗದ ಲೆಕ್ಕ. ಅಂದರೆ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಸಾಲು ಶುರುವಾಗುತ್ತದೆ. ಭರಣಿ, ಕೃತ್ತಿಕೆ ಕಳೆದು ಮೇ ಕೊನೆಗೆ ರೋಹಿಣಿ. ಜೂನ್‌ನಲ್ಲಿ ಮೃಗಶಿರ, ಆರಿದ್ರೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಆಗಸ್ಟ್ ಉತ್ತರಾರ್ಧದ ಮಖೆ ಮಳೆ ಎಷ್ಟು ಬಂದರೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದಾದಂತೆ ಎನ್ನುತ್ತಾರೆ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳು ದಾಟಿ ಅಕ್ಟೋಬರ್ ಕೊನೆಗೆ ಸ್ವಾತಿ, ಅದರ ಹಿಂದೆ ವಿಶಾಖೆ, ಅನುರಾಧೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅಶ್ವಿನಿ, ರೋಹಿಣಿ, ಚಿತ್ರಾ, ಸ್ವಾತಿ, ವಿಶಾಖಾ, ಅನುರಾಧಾ ಎಂಬ ಹುಡುಗಿಯರನ್ನು ನೀವು ಬಲ್ಲಿರಿ. ಹಸ್ತ, ಆಶ್ಲೇಷ, ಹುಬ್ಬೆಯರು ಮಾತ್ರ ತೊಟ್ಟಿಲಿಗೆ ಬಂದದ್ದು ಕಡಿಮೆ. ನಕ್ಷತ್ರಗಳಲ್ಲೂ ಮಕ್ಕಳ ಹೆಸರಾಗುವಂಥವು, ಹೊಲದಲ್ಲೇ ಉಳಿದಂಥವು ಎಂದು ಎರಡು ಬಗೆ ಇವೆ. ಸ್ವಾತಿಗೆ ಒಂದು ಕಥೆಯ ಬೆಂಬಲವೂ ಇದೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬುದು ಕವಿಗಳ ನಂಬಿಕೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಮಳೆ ನಕ್ಷತ್ರಕ್ಕೆ ಸೂರ್ಯನ ಲೆಕ್ಕ, ಜನ್ಮನಕ್ಷತ್ರಕ್ಕೆ ಚಂದ್ರನ ಲೆಕ್ಕ. ಚಂದ್ರ ಸುಮಾರು ಒಂದೊಂದು ದಿನಕ್ಕೆ ಒಂದು ನಕ್ಷತ್ರ ದಾಟುತ್ತಾನೆ. ಹೀಗಾಗಿ ಬಿರುಬಿಸಿಲಿನ ಮಾರ್ಚ್‌ನಲ್ಲಿ ಹುಟ್ಟಿದ ಮಗುವಿಗೂ ಸ್ವಾತಿ ಜನ್ಮನಕ್ಷತ್ರವಾಗಬಹುದು. ಜೋಯಿಸರು ಹೇಳುವ ಅಕ್ಷರ ಈ ಚಂದ್ರನ ನಕ್ಷತ್ರದ್ದು. ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಸ್ವಾತಿಗೆ ರು, ರೇ, ರೋ, ತಾ. ಆದರೆ ಆರಿದ್ರೆಯ ಒಂದು ಪಾದಕ್ಕೆ ಬರುವ ಅಕ್ಷರ ಙ, ಹಸ್ತದ ಒಂದು ಪಾದಕ್ಕೆ ಣ. ಈ ಅಕ್ಷರಗಳಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಅಂಥ ಕಡೆ ಜೋಯಿಸರೂ ಪಕ್ಕದ ಅಕ್ಷರಕ್ಕೆ ಒಪ್ಪಿಕೊಳ್ಳುತ್ತಾರೆ. ನಿಯಮದಲ್ಲೇ ಸಡಿಲವಿದೆ ಎಂದು ಹೊಸ ತಂದೆತಾಯಿಗಳು ನೆಮ್ಮದಿಪಡಬಹುದು.

ನಕ್ಷತ್ರಗಳಂತೆ ಆರು ಋತುಗಳೂ ಮಕ್ಕಳ ಹೆಸರಾಗಿವೆ. ವಸಂತ, ವರ್ಷಾ, ಶರತ್, ಹೇಮಂತ, ಶಿಶಿರರ ಜೊತೆಗೆ ಈಗ ಗ್ರೀಷ್ಮಾ ಕೂಡ ಸೇರಿಕೊಂಡಿದ್ದಾಳೆ. ಬೇಸಿಗೆಯ ಧಗೆಯನ್ನೂ ಬಿಡದೆ ಹೆಸರು ಮಾಡಿಕೊಂಡಿದ್ದೇವೆ. ವರ್ಷ ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯಕರ. ಸಂಸ್ಕೃತದಲ್ಲಿ ಅದಕ್ಕೆ ಮಳೆ ಎಂಬ ಅರ್ಥವೂ ಇದೆ, ಹನ್ನೆರಡು ತಿಂಗಳ ಕಾಲ ಎಂಬ ಅರ್ಥವೂ ಇದೆ. ಒಂದು ಮಳೆಗಾಲದಿಂದ ಮುಂದಿನ ಮಳೆಗಾಲಕ್ಕೆ ಒಂದು ವರ್ಷ. ಅಬ್ದ ಎಂಬ ಮಾತಿಗೂ ಮೋಡ, ವರ್ಷ ಎಂಬ ಎರಡು ಅರ್ಥ. ಶರತ್ಕಾಲವನ್ನು ಎಣಿಸಿ ಆಯುಷ್ಯ ಹಾರೈಸುವುದು ವೇದಕಾಲದ ಪದ್ಧತಿ. ಮಗಳನ್ನು ವರ್ಷಾ ಎಂದು ಕರೆಯುವಾಗ ನಮಗೆ ತಿಳಿಯದೆಯೇ ಆಯುಷ್ಯವನ್ನೂ ಹಾರೈಸುತ್ತೇವೆ.

ಮಳೆ ಎಂದರೆ ದಾನ

ಇನ್ನು ಹವಾಮಾನಕ್ಕೂ ಸದ್ಗುಣಕ್ಕೂ ಇರುವ ನಂಟು. ಇದನ್ನು ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲೇ ಓದಿದ್ದೇವೆ, ಗಮನಿಸಿಲ್ಲ ಅಷ್ಟೆ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆಗಳ ಬಿರುದುಗಳನ್ನು ನೆನಪಿಸಿಕೊಳ್ಳಿ. ಧ್ರುವನಿಗೆ ಧಾರಾವರ್ಷ, ಅಂದರೆ ಧಾರೆಯಾಗಿ ಸುರಿಯುವವನು. ಮೂರನೆಯ ಗೋವಿಂದನಿಗೆ ಪ್ರಭೂತವರ್ಷ, ಹೇರಳವಾಗಿ ಸುರಿಯುವವನು. ಅವನ ಮಗನೇ ಕವಿರಾಜಮಾರ್ಗದ ಕಾಲದ ನೃಪತುಂಗ, ಅಮೋಘವರ್ಷ. ಆತ ಸುಮಾರು 814ರಿಂದ 878ರವರೆಗೆ ಆಳಿದ. ಅಮೋಘವರ್ಷ ಎಂದರೆ ಹುಸಿಹೋಗದ ಮಳೆ. ಎರಡನೆಯ ಕೃಷ್ಣ ಅಕಾಲವರ್ಷ, ಕಾಲವಲ್ಲದ ಕಾಲದಲ್ಲೂ ಸುರಿಯುವವನು. ಮೂರನೆಯ ಇಂದ್ರ ನಿತ್ಯವರ್ಷ. ನಾಲ್ಕನೆಯ ಗೋವಿಂದ ಸುವರ್ಣವರ್ಷ.

ಒಂದು ರಾಜವಂಶ ಸಾಲುಸಾಲಾಗಿ ಮಳೆಯ ಹೆಸರು ಹೊತ್ತದ್ದು ಹವಾಮಾನದ ಮೇಲಿನ ಪ್ರೀತಿಯಿಂದಲ್ಲ. ಇಲ್ಲಿ ಮಳೆ ಎಂದರೆ ಕೊಡುಗೈ. ಮೋಡ ಯಾರ ಹೊಲ ಎಂದು ಕೇಳದೆ ಸುರಿಯುತ್ತದೆ, ದೊರೆಯೂ ಹಾಗೆಯೇ ಕೊಡಬೇಕು ಎಂಬುದು ಆ ಬಿರುದುಗಳ ತಿರುಳು. ಭಾಷೆಯಲ್ಲೂ ಇದು ಕಾಣುತ್ತದೆ. ಮೋಡಕ್ಕೆ ಇರುವ ಜಲದ, ನೀರದ, ಅಂಬುದ, ವಾರಿದ ಎಂಬ ಹೆಸರುಗಳಲ್ಲಿ ಕೊನೆಯ 'ದ' ಎಂದರೆ ಕೊಡುವವನು. ಅಷ್ಟಕ್ಕೂ ನೀರು ಕೊಡುವುದೇ ಮೋಡದ ಹೆಸರು. ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಇಡಲು 2020ರಲ್ಲಿ ಭಾರತ ಕೊಟ್ಟ ಹದಿಮೂರು ಹೆಸರುಗಳಲ್ಲಿ ಅಂಬುದವೂ ಒಂದು. ಕೊಡುವವನ ಹೆಸರು ಬಿರುಗಾಳಿಗೂ ಹೋಯಿತು.

ಆದ್ದರಿಂದ ಮೇಘನಾ ಮತ್ತು ಸಹನಾ ಬೇರೆ ಬೇರೆ ಜಾತಿಯ ಹೆಸರುಗಳಲ್ಲ. ಒಣಭೂಮಿಯಲ್ಲಿ ಮಳೆಯೇ ಮೊದಲ ಸದ್ಗುಣ.

ನೇರವಾಗಿ ಸದ್ಗುಣದ ಹೆಸರು ಹೊತ್ತ ದೊರೆಗಳೂ ಇದ್ದರು. ಇಂದಿನ ತುಮಕೂರು ಸೀಮೆಯೂ ಸೇರಿದ್ದ ಗಂಗವಾಡಿಯನ್ನು ಆಳಿದ ತಲಕಾಡಿನ ಗಂಗರಲ್ಲಿ ಸತ್ಯವಾಕ್ಯ, ನೀತಿಮಾರ್ಗ ಎಂಬ ಬಿರುದುಗಳು ತಲೆಮಾರಿನಿಂದ ತಲೆಮಾರಿಗೆ ಬಂದವು. ಅದೇ ವಂಶದ ಹಿಂದಿನ ಇಬ್ಬರು ದೊರೆಗಳ ಹೆಸರು ಅವಿನೀತ ಮತ್ತು ದುರ್ವಿನೀತ. ವಿನಯವಿಲ್ಲದವನು, ಕೆಟ್ಟ ನಡತೆಯವನು ಎಂದು ಅರ್ಥ. ಆ ದುರ್ವಿನೀತನನ್ನೇ ಕವಿರಾಜಮಾರ್ಗ ಕನ್ನಡದ ಗದ್ಯ ಲೇಖಕರ ಸಾಲಿನಲ್ಲಿ ಗೌರವದಿಂದ ನೆನೆದಿದೆ. ಹೆಸರಿನ ಅರ್ಥ ಮನುಷ್ಯನನ್ನು ಕಟ್ಟಿಹಾಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಒಳ್ಳೆಯ ಮಾತು ಯಾರ ಸ್ವತ್ತು?

ದೊರೆಗೆ ಅಮೋಘವರ್ಷ ಎಂಬ ಹೆಸರು ಸಲ್ಲುತ್ತಿತ್ತು. ಅವನ ಹೊಲ ಉಳುವವನಿಗೆ? ಮನುಸ್ಮೃತಿಯ ಎರಡನೆಯ ಅಧ್ಯಾಯ ಈ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಲಿ, ಶೂದ್ರನದು ಹೇಸಿಗೆ ಹುಟ್ಟಿಸುವಂತಿರಲಿ ಎಂಬುದು ಅದರ ವಿಧಿ. ಹೆಂಗಸರ ಹೆಸರು ಕೂಗಲು ಸುಲಭವಾಗಿ, ಕಿವಿಗೆ ಹಿತವಾಗಿ ಇರಬೇಕಂತೆ.

ಹಳ್ಳಿಗಳಲ್ಲಿದ್ದ ತಿಪ್ಪಯ್ಯ, ಹುಚ್ಚಮ್ಮ, ಗುಂಡ, ಕಲ್ಲಪ್ಪರೆಲ್ಲ ಈ ವಿಧಿಯಿಂದಲೇ ಬಂದವರಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆಯುತ್ತಿದ್ದರು. ಸಾವಿನ ಕಣ್ಣು ಕಸದ ಮೇಲೆ ಬೀಳದು ಎಂಬ ನಂಬಿಕೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದ ತಿಪ್ಪೇಸ್ವಾಮಿಗಳೂ ಇದ್ದಾರೆ. ಮಗು ಉಳಿದರೆ ಸಾಕು ಎಂಬ ಕಾಲದಲ್ಲಿ ಸುಂದರವಾದ ಹೆಸರು ಅಪಾಯದ ವಸ್ತುವಾಗಿತ್ತು. ಲಸಿಕೆ, ಆಸ್ಪತ್ರೆಗಳು ಬಂದು ಮಕ್ಕಳು ಉಳಿಯತೊಡಗಿದ ಮೇಲೆ ಹೆದರಿಕೆಯ ಹೆಸರು ಹಿಂದೆ ಸರಿದು ಆಸೆಯ ಹೆಸರು ಮುಂದೆ ಬಂತು.

ಜಾತಿಯ ಅಂಕೆಯೂ ಸುಳ್ಳಲ್ಲ. ದಲಿತರ ಹೆಸರಿನ ಕೊನೆಯ ಅಯ್ಯ, ಅಪ್ಪಗಳನ್ನು ಮೇಲುಜಾತಿಯವರು ಬಾಯಲ್ಲಿ ಕತ್ತರಿಸಿ ಕರೆಯುತ್ತಿದ್ದರು. ಬಾಲಯ್ಯ ಬಾಲನಾಗುತ್ತಿದ್ದ. ಶಾಲೆಯ ದಾಖಲಾತಿ ಪುಸ್ತಕ ಈ ಅಂಕೆಯನ್ನು ಮುರಿದ ಒಂದು ದೊಡ್ಡ ಸಾಧನ. ಮಗುವನ್ನು ಸೇರಿಸಲು ಬಂದ ತಂದೆಗೆ ಮೇಷ್ಟ್ರು ಹೊಸ ಹೆಸರು ಸೂಚಿಸಿ ಬರೆದುಕೊಂಡ ಕಥೆ ಎಷ್ಟೋ ಮನೆಗಳಲ್ಲಿದೆ. ಅಯ್ಯ, ಅಪ್ಪ ಇಲ್ಲದ ವಿವೇಕ್, ಪ್ರಜ್ಞಾರಂಥ ಹೆಸರುಗಳನ್ನು ಅರ್ಧಕ್ಕೆ ಕತ್ತರಿಸುವುದು ಕಷ್ಟ. ಸಂಸ್ಕೃತದ ಮೋಹ ಎಂದು ನಾವು ಟೀಕಿಸುವ ಹೆಸರುಗಳ ಹಿಂದೆ ಈ ಘನತೆಯ ಆಸೆಯೂ ಇದೆ ಎಂಬುದನ್ನು ಮರೆಯಬಾರದು.

ಸಾಕಮ್ಮನಿಂದ ಸಹನಾವರೆಗೆ

ನಮ್ಮ ಮನೆಯಲ್ಲಿ ಒಬ್ಬ ಸಾಕಮ್ಮ ಇದ್ದರು, ನನ್ನ ಅಜ್ಜಿ. ಮೂರು ಹೆಣ್ಣಾದ ಮೇಲೆ ಹುಟ್ಟಿದ ನಾಲ್ಕನೆಯವರು. ಹೆಣ್ಣು ಸಾಕು ಎಂದು ದೇವರಿಗೆ ಹೇಳಿಕೊಂಡ ಮಾತೇ ಅವರ ಹೆಸರಾಯಿತು. ಅದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆದರೆ ಮೊಮ್ಮಕ್ಕಳಲ್ಲಿ ಯಾರಿಗಾದರೂ ತನ್ನ ಹೆಸರಿಡಿ ಎಂದು ಒಮ್ಮೆಯೂ ಕೇಳಲಿಲ್ಲ. ಎಲ್ಲ ಸಾಕಮ್ಮರ ಹೆಸರಿಗೂ ಇದೇ ಕಾರಣ ಎನ್ನಲಾಗದು, ಸಾಕುವವಳು ಸಾಕಮ್ಮ ಎಂಬ ಅರ್ಥವೂ ಉಂಟು. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ಸಾಕಮ್ಮ ಆ ಹೆಸರನ್ನು ಗೌರವದ ಹೆಸರು ಮಾಡಿದರು. ಸಾಕಮ್ಮ ಗಾರ್ಡನ್ ಇಂದಿಗೂ ಅವರನ್ನು ನೆನಪಿಸುತ್ತದೆ.

ಮಹಾರಾಷ್ಟ್ರದಲ್ಲಿ ಇದೇ ಬಗೆಯ ಹೆಸರು ನಕುಸಾ, ಅಂದರೆ ಬೇಡವಾದವಳು. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ ಹೆಸರಿನ 285 ಹೆಣ್ಣುಮಕ್ಕಳಿಗೆ ಸಮಾರಂಭ ನಡೆಸಿ ಹೊಸ ಹೆಸರು ಕೊಡಲಾಯಿತು. ಆ ಹುಡುಗಿಯರ ಕೈಗೆ ಬಂದದ್ದು ಬರೀ ಪ್ರಮಾಣಪತ್ರವಲ್ಲ.

ಸಾಕಮ್ಮನಿಂದ ಸಹನಾಗೆ ಬಂದದ್ದು ದೊಡ್ಡ ಹೆಜ್ಜೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ಒಂದು ಮಾತು ಕೇಳಬೇಕು. ಹುಡುಗಿಯರಿಗೆ ನಾವು ಆರಿಸುವ ಗುಣಗಳು ಯಾವುವು? ಸಹನಾ, ಕ್ಷಮಾ, ಶಾಂತಿ, ಮಮತಾ, ನಮ್ರತಾ. ಹುಡುಗರಿಗೆ? ವಿಜಯ್, ವಿಕ್ರಮ್, ಪ್ರತಾಪ್, ವಿವೇಕ್. ಸಹಿಸುವುದು, ಕ್ಷಮಿಸುವುದು ಅವಳ ಪಾಲು. ಗೆಲ್ಲುವುದು, ಯೋಚಿಸುವುದು ಇವನ ಪಾಲು. ಪ್ರಜ್ಞಾ, ಸ್ಫೂರ್ತಿ, ಪ್ರೇರಣಾ ಎಂಬ ಹೆಸರುಗಳು ಬಂದ ಮೇಲೆ ತಕ್ಕಡಿ ಸ್ವಲ್ಪ ಸರಿಹೋಗಿದೆ. ಗಂಡುಮಗುವಿಗೆ ಸಹನ್, ಹೆಣ್ಣುಮಗುವಿಗೆ ಧೃತಿ ಎಂದಿಡುವವರೂ ಇದ್ದಾರೆ. ಧೃತಿ ಎಂದರೆ ಧೈರ್ಯ, ಸ್ಥೈರ್ಯ.

ಈ ಆಸೆ ಒಂದು ಧರ್ಮಕ್ಕೆ ಸೇರಿದ್ದಲ್ಲ. ನಮ್ಮ ಮುಸ್ಲಿಂ ಮನೆಗಳ ಸಾಬಿರಾ ಎಂದರೆ ತಾಳ್ಮೆಯುಳ್ಳವಳು, ಅಮೀನಾ ನಂಬಿಕಸ್ಥೆ, ಸಾದಿಕ್ ಸತ್ಯವಂತ. ನಸೀಮ್ ಎಂದರೆ ತಂಗಾಳಿ, ಶಬನಮ್ ಎಂದರೆ ಇಬ್ಬನಿ. ಅಲ್ಲಿಯೂ ಹವಾಮಾನ ಮತ್ತು ಸದ್ಗುಣಗಳು ಅಕ್ಕಪಕ್ಕದಲ್ಲೇ ಇವೆ. ಕ್ರೈಸ್ತರಲ್ಲಿ ಕೃಪಾ, ಕರುಣಾ, ಗ್ರೇಸ್ ಇದ್ದಾರೆ. ಹದಿನಾರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ ಪಂಥದವರು ಹೆಣ್ಣುಮಕ್ಕಳಿಗೆ ಪೇಶನ್ಸ್, ಪ್ರೂಡೆನ್ಸ್, ಅಂದರೆ ತಾಳ್ಮೆ, ವಿವೇಕ ಎಂದು ಹೆಸರಿಟ್ಟರು. ಕೆಲವರು ಇಡೀ ವಾಕ್ಯವನ್ನೇ ಹೆಸರು ಮಾಡಿದರು. 'ದೇವರನ್ನು ಸ್ತುತಿಸು' ಎಂಬ ಅರ್ಥದ ಪ್ರೇಯ್ಸ್‌ಗಾಡ್ ಬೇರ್‌ಬೋನ್ ಎಂಬಾತ ಸದಸ್ಯನಾಗಿದ್ದ 1653ರ ಪಾರ್ಲಿಮೆಂಟು ಅವನ ಹೆಸರಿನಿಂದಲೇ ಇತಿಹಾಸದಲ್ಲಿ ಉಳಿದಿದೆ.

ಹೆಸರಿಡುವ ಮುನ್ನ

ಹೆಸರು ಹುಡುಕುತ್ತಿರುವವರಿಗೆ ಕೆಲವು ಮಾತು. ಚೆಂದ ಕೇಳಿಸಿತೆಂದು ಇಟ್ಟ ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಒಮ್ಮೆ ನೋಡಿ. ಉದಾಹರಣೆಗೆ ಮೇಘನಾ ಬಾಂಗ್ಲಾದೇಶದ ಒಂದು ದೊಡ್ಡ ನದಿಯ ಹೆಸರೂ ಹೌದು. ಕನ್ನಡದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ ಎಂಬುದನ್ನು ಮೊದಲ ದಿನವೇ ನಿರ್ಧರಿಸಿ. ಒಂದು ಕಡೆ ಸಿಂಚನ, ಇನ್ನೊಂದು ಕಡೆ ಸಿಂಚನಾ ಎಂದಾದರೆ ಮುಂದೆ ಕಚೇರಿ ಅಲೆಯುವವರು ಮಕ್ಕಳೇ.

ಅವಸರವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಆಗಲೇ ಹೆಸರು ಇರಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲ. ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಅಲ್ಲಿ ಬರೆಸುವ ಹೆಸರು ಯೋಚಿಸಿ ಬರೆಸಿದ್ದಾಗಿರಲಿ.

ಇನ್ನೊಂದು ಆಸೆ ಇದೆ. ಮಳೆ, ಮುಗಿಲು, ಸೋನೆ, ಮಿಂಚು ಎಂಬ ನಮ್ಮದೇ ಮಾತುಗಳು ತೊಟ್ಟಿಲಿನ ಹತ್ತಿರ ಬರಲು ಏಕೋ ಹಿಂಜರಿಯುತ್ತಿವೆ. ಇಬ್ಬನಿ, ಇಂಚರ ಎಂಬ ಹೆಸರುಗಳು ಅಲ್ಲಲ್ಲಿ ಕಿವಿಗೆ ಬೀಳುತ್ತವೆ. ಆ ಸಾಲು ಉದ್ದವಾಗಲಿ.

ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದು 2023ರಲ್ಲಿ. ಆ ವರ್ಷವೂ ತೊಟ್ಟಿಲುಗಳು ತೂಗಿದವು, ವರ್ಷಾ, ಮೇಘನಾರ ಹೆಸರು ಕೂಗಿದವರಿದ್ದರು. ಮಳೆ ಹೋದ ವರ್ಷ ಹಳ್ಳಿಯ ಹುಡುಗರು ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಗೆ ಹೋಗುತ್ತಿದ್ದುದು, ಹೆಂಗಸರು ಅವನ ತಲೆಯ ಮೇಲೆ ಕೊಡದ ನೀರು ಸುರಿಯುತ್ತಿದ್ದುದು ಹಿರಿಯರಿಗೆ ನೆನಪಿದೆ. ಮಳೆಯನ್ನು ಹೆಸರು ಹಿಡಿದು ಕರೆಯುವುದು ಈ ನಾಡಿಗೆ ಹೊಸದಲ್ಲ.

ಶಾಸ್ತ್ರದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಎಷ್ಟೋ ಮನೆಗಳಲ್ಲಿ ಈಗ ಎರಡು ಹೆಸರು ಹೇಳುತ್ತಾರೆ, ದಾಖಲೆಗೆ ಸಿಂಚನಾ, ತೊಟ್ಟಿಲಿಗೆ ಗಂಗಮ್ಮ. ಹಾಗೆ ಎರಡೂ ಉಳಿಯುವುದು ಒಳ್ಳೆಯದೇ. ಮುಂದೆ ಆ ಹುಡುಗಿ ಓದು ಮುಗಿಸಿ ಬೇರೆ ಊರಿಗೆ ಹೋದಾಗ ಒಂದು ಹೆಸರು ಅವಳ ಜೊತೆ ಹೋಗುತ್ತದೆ. ಇನ್ನೊಂದು ಕೆರೆಯ ಏರಿಯ ಮೇಲೆ ಅವಳಿಗಾಗಿ ಕಾದಿರುತ್ತದೆ.